ಎಲ್ಲ ತೆಗೀಲಾ?

"ಎಲ್ಲ ತೆಗೀಲಾ?" ಎಂದು ಅಭಿರಾಮ ಹಾಲ್‌ನಿಂದ ಕೇಳಿದಾಗ ಸ್ಮೃತಿ ಕಾವಲಿಗೆ ನೀರುದೋಸೆ ಹೊಯ್ಯುತ್ತಿದ್ದಳು. ತೆಳ್ಳನೆಯ ಹಿಟ್ಟು ಬಿಸಿ ಕಬ್ಬಿಣಕ್ಕೆ ಬಿದ್ದು ಚೊರ್ ಎಂದರೂ ಗಂಡನ ಮಾತು ಸ್ಪಷ್ಟವಾಗಿಯೇ ಕೇಳಿಸಿತು.

"ಹಾಂ, ಎಲ್ಲ ತೆಗೀರಿ. ಒಂದೂ ಬಿಡ್ಬೇಡಿ" ಎಂದಳು. ಹೇಳಿ, ಕಾವಲಿಗೆ ಮುಚ್ಚಳ ಹಾಕಿದಳು.

ಅವಳ ಫೋನ್ ಆ ದಿನ ಬೆಳಿಗ್ಗೆಯೇ ಹಟ ಹಿಡಿದಿತ್ತು. ಆನ್ ಮಾಡಿದರೆ ಕಂಪನಿಯ ಹೆಸರು ಬರುವುದು, ಆರುವುದು, ಪುನಃ ಅದೇ ಹೆಸರು ಬರುವುದು. ಭಾನುವಾರವಾದ್ದರಿಂದ ಮೊಬೈಲ್ ಅಂಗಡಿ ಮುಚ್ಚಿತ್ತು. ಆಫೀಸಿನ ಲ್ಯಾಪ್‌ಟಾಪಿಗೆ ಹೊರಗಿನ ಯಾವುದನ್ನೂ ಚುಚ್ಚುವ ಹಾಗಿಲ್ಲ. ಅಭಿರಾಮ ಒಂದು ವಿಡಿಯೋ ಹುಡುಕಿದ. ಕಂಪ್ಯೂಟರ್ ಬೇಡ, ಅಂಗಡಿ ಬೇಡ, ಮನೆಯಲ್ಲಿ ಕೂತು ನೀವೇ ಫೋನಿಗೆ ಹೊಸದಾಗಿ ಜೀವ ತುಂಬಿ ಎಂದು ಅದರಲ್ಲಿ ಒಬ್ಬ ಹುರುಪಿನಿಂದ ಹೇಳುತ್ತಿದ್ದ. ಅವನು ಹೇಳಿದ ಹಾಗೆ ಅಭಿರಾಮ ತನ್ನ ಫೋನಿನಲ್ಲಿ ದೊಡ್ಡದೊಂದು ಫೈಲ್ ಇಳಿಸಿಕೊಂಡ. ಅದನ್ನು ಮೆಮೊರಿ ಕಾರ್ಡಿಗೆ ಹಾಕಿದ. ಸಿಮ್ಮಿನ ಬಾಗಿಲು ತೆರೆಯುವ ಕಡ್ಡಿ ಸಿಗದಿದ್ದಾಗ ಸ್ಮೃತಿ ತನ್ನ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಉಗುರಿನಷ್ಟಗಲದ ಆ ಕಾರ್ಡ್ ತನ್ನ ಫೋನಿನೊಳಗೆ ಹೋದದ್ದನ್ನು ಕಣ್ಣಾರೆ ನೋಡಿದಳು. ಒಳಗಿದ್ದದ್ದನ್ನೆಲ್ಲ ತೆಗೆದು ಈ ಕಾರ್ಡಿನಲ್ಲಿ ಇಡುತ್ತಾರೆ, ಆಮೇಲೆ ರಿಪೇರಿ ಎಂದು ಅವಳ ಮನಸ್ಸು ತಾನಾಗಿಯೇ ಲೆಕ್ಕ ಹಾಕಿತು. ಡಬ್ಬಿಯಿಂದ ಸಕ್ಕರೆ ತೆಗೆಯುವುದು, ಬೀರುವಿನಿಂದ ಸೀರೆ ತೆಗೆಯುವುದು, ಹಾಗೆ.

ದೋಸೆಯ ತಟ್ಟೆ ಹಿಡಿದುಕೊಂಡು ಅವಳು ಹಾಲ್‌ಗೆ ಬಂದಾಗ ಫೋನ್ ಬೆಳಗುತ್ತಿತ್ತು. ಪರದೆಯ ಮೇಲೆ ಭಾಷೆಗಳ ಹೆಸರು ಸಾಲಾಗಿ ನಿಂತು ಯಾವುದು ಬೇಕು ಎಂದು ಕೇಳುತ್ತಿದ್ದವು. ಟೇಬಲ್ಲಿನ ಇನ್ನೊಂದು ಕಡೆ ಐದೂವರೆ ವರ್ಷದ ಮಗಳು ತನ್ಮಯಿ ಕಾಯಿಬೆಲ್ಲವನ್ನು ದೋಸೆಯೊಳಗೆ ಸುತ್ತುತ್ತ, ಸುತ್ತಿದ್ದು ಬಿಚ್ಚಿಹೋದಾಗಲೆಲ್ಲ ದೋಸೆಯನ್ನು ಗದರಿಸುತ್ತಿದ್ದಳು.

"ನೋಡು, ಹೊಸ ಫೋನಿನ ಹಾಗೆ ಆಯ್ತು" ಎಂದ ಅಭಿರಾಮ.

"ತನುವಿನ ರೆಕಾರ್ಡಿಂಗ್ ಎಲ್ಲ ಕಾರ್ಡಿನಲ್ಲಿ ಉಂಟಲ್ಲ?"

"ಕಾರ್ಡಿನಲ್ಲಿ ಎಂತಕ್ಕೆ? ಅದರಲ್ಲಿ ಇದ್ದದ್ದು ಇನ್‌ಸ್ಟಾಲ್ ಮಾಡ್ಲಿಕ್ಕೆ ಇರುವ ಫೈಲ್ ಮಾತ್ರ."

"ಮತ್ತೆ ತೆಗ್ದದ್ದು?"

"ತೆಗ್ದೆ. ಎಲ್ಲ ತೆಗೀರಿ ಅಂತ ನೀನೇ ಹೇಳಿದ್ದಲ್ಲವಾ ಮಾರಾಯ್ತಿ." ಅವಳ ಮುಖವನ್ನು ಇನ್ನೂ ನೋಡದೆ, ಗೆದ್ದವನ ಉಮೇದಿನಲ್ಲೇ ಅವನು ಮುಂದುವರಿಸಿದ. "ಹಳೇದನ್ನು ಇಟ್ಕೊಂಡು ಪ್ರತಿಷ್ಠೆ ಮಾಡ್ಲಿಕ್ಕೆ ಆಗ್ತದಾ? ಮೊದಲು ನಿರ್ಮಾಲ್ಯ ತೆಗ್ದು ಶುದ್ಧ ಮಾಡ್ಬೇಕು."

ಅವನ ತಂದೆ ಕೃಷ್ಣರಾಜ ಭಟ್ಟರು ದೇವಸ್ಥಾನದ ಅರ್ಚಕರು. ಅಭಿರಾಮ ವಿಮಾ ಕಚೇರಿಯಲ್ಲಿದ್ದರೂ ಪರ್ವದ ದಿನಗಳಲ್ಲಿ ಮಡಿಯುಟ್ಟು ಅಪ್ಪನ ಕೈಕೆಳಗೆ ದುಡಿದವನು. ಬೆಳಿಗ್ಗೆ ಗರ್ಭಗುಡಿಯ ಬಾಗಿಲು ತೆರೆದ ಕೂಡಲೇ ಮೊದಲ ಕೆಲಸ ಹಿಂದಿನ ದಿನದ ಬಾಡಿದ ಹೂ ತೆಗೆಯುವುದು. ಅವನ ಕೈಗೆ ಅದೇ ಅಭ್ಯಾಸ.

ಸ್ಮೃತಿ ತಟ್ಟೆಯನ್ನು ಟೇಬಲ್ಲಿನ ಮೇಲೆ ಇಟ್ಟಳು. ಮೆಲ್ಲ ಇಡಬೇಕೆಂದೇ ಇಟ್ಟಿದ್ದು, ಆದರೂ ಅದು ಕುಟ್ಟಿ ಸದ್ದಾಯಿತು.

ಆ ಫೋನಿನಲ್ಲಿ ಇದ್ದದ್ದು ತನ್ಮಯಿಯ ಮಾತು. ಮನೆಯೊಳಗೆ ಪಟಪಟ ಮಾತಾಡುವ ಹುಡುಗಿ ಶಾಲೆಯ ಗೇಟು ದಾಟಿದರೆ ಮೂಕಿ. ಎಲ್‌ಕೆಜಿ, ಯುಕೆಜಿ ಎರಡೂ ಮುಗಿಯುತ್ತ ಬಂದರೂ ಅವಳ ಬಾಯಿಯಿಂದ ಒಂದು ಅಕ್ಷರ ಶಾಲೆಯವರು ಕೇಳಿದ್ದಿಲ್ಲ. ಬಾತ್‌ರೂಮಿಗೆ ಹೋಗಬೇಕಾದರೂ ಕೇಳುವುದಿಲ್ಲ, ಒದ್ದೆಯಾದ ಯೂನಿಫಾರಂನಲ್ಲೇ ಮನೆಗೆ ಬಂದ ದಿನಗಳಿದ್ದವು. ಇಂಥ ಮಕ್ಕಳು ಇರುತ್ತಾರೆ, ಹೊರಗಿನವರೆದುರು ಮಾತು ಗಂಟಲಿನಲ್ಲೇ ಸಿಕ್ಕಿಕೊಳ್ಳುತ್ತದೆ, ಬುದ್ಧಿಗೆ ಏನೂ ಕೊರತೆಯಿಲ್ಲ ಎಂದು ಡಾಕ್ಟರರು ಹೇಳಿದ್ದರು. ಶಾಲೆಗೆ ಅಷ್ಟು ಸಾಲಲಿಲ್ಲ. ಒಂದನೇ ಕ್ಲಾಸಿಗೆ ಹಾಕುವುದು ಕಷ್ಟ, ಇಂಥವರಿಗೆಂದೇ ಇರುವ ಬೇರೆ ಶಾಲೆ ನೋಡಿಕೊಳ್ಳಿ ಎಂಬ ಮಾತು ಶುರುವಾಗಿತ್ತು. ಕೆ.ಜಿ. ವಿಭಾಗ ನೋಡಿಕೊಳ್ಳುವ ಜೂಲಿ ಟೀಚರ್ ಮಾತ್ರ ಸ್ಮೃತಿಯನ್ನು ಬದಿಗೆ ಕರೆದು, ಮನೆಯಲ್ಲಿ ಮಾತಾಡುವುದು ಹೌದಾದರೆ ನನಗೆ ಕೇಳಿಸಿ, ಮೀಟಿಂಗಿನಲ್ಲಿ ನಾನು ಇವಳ ಪರ ನಿಲ್ಲುತ್ತೇನೆ ಎಂದಿದ್ದರು. ಆ ಮೀಟಿಂಗು ನಾಳೆ.

ಫೋನ್ ಕಂಡರೆ ತನ್ಮಯಿ ಬಾಯಿ ಮುಚ್ಚುತ್ತಾಳೆ. ಅದಕ್ಕೆ ಸ್ಮೃತಿ ಕಳ್ಳಿಯ ಹಾಗೆ ಅಕ್ಕಿಡಬ್ಬಿಯ ಹಿಂದೆ, ಸ್ನಾನದ ಟವೆಲಿನ ಮಡಿಕೆಯೊಳಗೆ ಫೋನ್ ಅಡಗಿಸಿಟ್ಟು ತಿಂಗಳುಗಟ್ಟಲೆ ಮಾತು ಒಟ್ಟುಮಾಡಿದ್ದಳು. ನಂತೂರು ಹೆದ್ದಾರಿಯ ಲಾರಿಗಳು ಯಾವಾಗ ಮಲಗುತ್ತವೆ ಎಂದು ಕೇಳಿದ್ದು, ಅಜ್ಜನ ಶಂಖಕ್ಕೆ ಹೊಟ್ಟೆನೋವು ಎಂದು ಅಜ್ಜಿಗೆ ವರದಿ ಒಪ್ಪಿಸಿದ್ದು, ಗೋಡೆಯ ಹಲ್ಲಿಗೆ ಜೂಲಿ ಟೀಚರ ದನಿಯಲ್ಲೇ ಎ ಬಿ ಸಿ ಡಿ ಕಲಿಸಿದ್ದು. ಟೀಚರಿಗೆ ಆಗಲೇ ವಾಟ್ಸಪ್ಪಿನಲ್ಲಿ ಕಳಿಸಿಬಿಡುತ್ತೇನೆ ಎಂದು ಹೊರಟವಳನ್ನು ತಡೆದವನು ಅಭಿರಾಮನೇ. ಒಂದು ಕಡೆ ಕಳಿಸಿದರೆ ಹತ್ತು ಕಡೆ ಹೋಗುತ್ತದೆ, ನಮ್ಮ ಮಗುವಿನ ವಿಷಯ ಊರವರ ಬಾಯಿಗೆ ಬೀಳುವುದು ಬೇಡ, ಎದುರು ಕೂತು ಕೇಳಿಸೋಣ ಎಂದಿದ್ದ. ಹೌದೇನೋ, ಅವರು ಹೇಳುವುದರಲ್ಲೂ ಅರ್ಥ ಉಂಟೇನೋ ಎಂದು ಇವಳೂ ಸುಮ್ಮನಾಗಿದ್ದಳು. ಹಾಗಾಗಿ ಅವು ಇದ್ದದ್ದು ಈ ಒಂದು ಫೋನಿನಲ್ಲಿ ಮಾತ್ರ.

"ನನ್ನ ಮಗಳ ಮಾತು ನಿಮಗೆ ನಿರ್ಮಾಲ್ಯವಾ?" ಎಂದಳು ಸ್ಮೃತಿ.

ಅಭಿರಾಮನಿಗೆ ಆಗ ನೆನಪಾಯಿತು. ನೆನಪಾದದ್ದು ಅವನ ಮುಖದಲ್ಲಿ ಕಾಣಿಸಿತು, ಮತ್ತು ಆ ಮುಖ ಕೂಡಲೇ ಬೇರೆ ದಾರಿ ಹುಡುಕಿತು. ಕೇಳಿಯೇ ಅಲ್ಲವೇ ಮಾಡಿದ್ದು ಎಂದ. ಅಡುಗೆಮನೆಯಿಂದ ಕೂಗಿ ಹೇಳುವ ಬದಲು ಬಂದು ನೋಡಬೇಕಿತ್ತು ಎಂದ. ಒಂದು ಸಲ ಅಲ್ಲ, ಒಂದೂ ಬಿಡಬೇಡಿ ಎಂದು ಒತ್ತಿ ಹೇಳಿದವಳು ನೀನು ಎಂದ. ಅವನ ಒಂದೊಂದು ಮಾತೂ ನಿಜವಾಗಿತ್ತು, ಅದಕ್ಕೇ ಅವಳಿಗೆ ಮೈ ಉರಿಯಿತು. ಎರಡು ಬಾಗಿಲಿರುವ 'ತೆಗೆ' ಎಂಬ ಆ ಒಂದು ಶಬ್ದದಲ್ಲಿ ಅವಳು ಒಂದು ಕಡೆಯಿಂದ ಒಳಗೆ ಹೋಗಿದ್ದಳು, ಅವನು ಇನ್ನೊಂದು ಕಡೆಯಿಂದ ಎಲ್ಲವನ್ನೂ ಹೊರಗೆ ಎಸೆದಿದ್ದ. ತನ್ನದೇ ತಪ್ಪೋ ಏನೋ ಎಂಬ ಹಳೆಯ ಅಳುಕು ಮತ್ತೆ ಎದ್ದಿತು. ಎರಡು ಹೆಜ್ಜೆ ನಡೆದು ಬಂದು ನೋಡಿದ್ದರೆ ಏನಾಗುತ್ತಿತ್ತು? ದೋಸೆ ಒಂದು ಸೀಯುತ್ತಿತ್ತು, ಅಷ್ಟೇ.

ಮೊಬೈಲ್ ಅಂಗಡಿಯ ಉಬೈದ್‌ನ ನಂಬರಿಗೆ ಗಂಡನ ಫೋನಿನಿಂದಲೇ ಕರೆಮಾಡಿದಳು. ಪಡೀಲಿನ ತನ್ನ ಮನೆಯಲ್ಲಿ ಊಟಕ್ಕೆ ಕೂತಿದ್ದ ಅವನು ಎಲ್ಲವನ್ನೂ ಕೇಳಿ, ಒಮ್ಮೆ ಹಾಗೆ ಅಳಿಸಿದ ಮೇಲೆ ಈಗಿನ ಫೋನುಗಳಿಂದ ಏನೂ ವಾಪಸು ಬರುವುದಿಲ್ಲ ಅಕ್ಕಾ, ಸುಮ್ಮನೆ ಯಾರಿಗೂ ದುಡ್ಡು ಕೊಡಬೇಡಿ ಎಂದು ಬೇಸರದಿಂದ ಹೇಳಿದ.

ಕರೆ ಮುಗಿದಾಗ ಪರದೆಯ ಮೇಲೆ ಆ ವಿಡಿಯೋ ಹಾಗೆಯೇ ನಿಂತಿತ್ತು. ಸ್ಮೃತಿ ಅದನ್ನು ಮೊದಲಿನಿಂದ ಹಾಕಿದಳು. ಗಂಡ ಬೇಡ ಎಂದರೂ ಕೈಬಿಡಲಿಲ್ಲ. ಪವರ್ ಬಟನ್ನೂ ವಾಲ್ಯೂಮ್ ಬಟನ್ನೂ ಒಟ್ಟಿಗೆ ಒತ್ತಿ ಹಿಡಿಯಿರಿ ಎಂದ ಆ ಹುರುಪಿನವನು. ಮೆನು ಬರುತ್ತದೆ ಎಂದ. ಮೊದಲು ಕಾರ್ಡಿನಿಂದ ಅಪ್‌ಡೇಟ್ ಹಾಕಿ ನೋಡಿ, ಹೆಚ್ಚಿನ ಫೋನುಗಳು ಇಷ್ಟರಲ್ಲೇ ಸರಿಯಾಗುತ್ತವೆ, ನಿಮ್ಮ ಫೋಟೋ ಗೀಟೋ ಎಲ್ಲ ಹಾಗೇ ಉಳಿಯುತ್ತದೆ ಎಂದ. ಆಗಲೂ ಸರಿಯಾಗದಿದ್ದರೆ ಮಾತ್ರ, ಬೇರೆ ಉಪಾಯವೇ ಇಲ್ಲದಿದ್ದರೆ ಮಾತ್ರ, ಎಲ್ಲವನ್ನೂ ಅಳಿಸಿ ಎಂದ.

ಸ್ಮೃತಿ ಅಷ್ಟನ್ನೇ ಹಿಂದಕ್ಕೆ ಎಳೆದು ಪುನಃ ಹಾಕಿದಳು. ಮತ್ತೆ ಪುನಃ.

"ಕೇಳಿಸ್ತಾ?"

"ಸಾಕು ಸ್ಮೃತಿ."

"ಅವನು ಹೇಳ್ತಾ ಇದ್ದಾನೆ, ಅಳಿಸುವುದು ಕಡೆಗೆ ಅಂತ. ನಿಮಗೆ ಮಾತ್ರ ಮೊದಲು ಗುಡಿಸ್ಬೇಕು. ಮಡಿ ಆಗ್ಬೇಕು. ನಿಮ್ಮ ಕೈಗೆ ಎಂತ ಕೊಟ್ರೂ ಮೊದಲು ಅದರ ಮೈ ಮೇಲಿದ್ದದ್ದು ಎಲ್ಲ ತೆಗ್ದು ಬಿಸಾಡ್ಬೇಕು."

ಅಭಿರಾಮ ಎದ್ದು ನಿಂತ. "ದೊಡ್ಡ ರೆಕಾರ್ಡಿಂಗ್. ನಾಳೆ ಅದನ್ನು ಕೇಳ್ಸಿದ ಕೂಡ್ಲೇ ಅವರು ಹಾರ ಹಾಕಿ ಕರ್ಕೊಳ್ತಿದ್ರಾ?"

"ನೀವು ಒಂದು ದಿನ ಆದ್ರೂ ಅದನ್ನು ಕೇಳಿದ್ದುಂಟಾ?" ಎಂದಳು ಅವಳು. ದನಿ ತನ್ನದಲ್ಲ ಎಂಬಷ್ಟು ಜೋರಾಗಿತ್ತು. "ಒಂದು ದಿನ?"

ಒಳಕೋಣೆಯಿಂದ ಅತ್ತೆ ಮನೋರಮಾ ಬಂದರು. ಬಾಗಿಲಿನ ಹತ್ತಿರವೇ ನಿಂತು ಇಬ್ಬರನ್ನೂ ನೋಡಿದರು. ಈ ಮನೆಯಲ್ಲಿ ಯಾರನ್ನೂ ಎತ್ತಿ ಆಡುವ ಹೆಂಗಸಲ್ಲ ಅವರು. ಸೊಸೆ ಈಗ ಅವರೂ ಒಂದು ಹೇಳಿಬಿಡಲಿ ಎಂದು ಕಾದಳು. ಜಗಳಕ್ಕೆ ಇನ್ನೊಬ್ಬರು ಬೇಕು ಎನಿಸುವಷ್ಟು ಸಿಟ್ಟು ಅವಳಲ್ಲಿ ಮಿಕ್ಕಿತ್ತು.

"ಮಗು ಎಲ್ಲಿ?" ಎಂದರು ಮನೋರಮಾ.

ಕುರ್ಚಿ ಖಾಲಿ ಇತ್ತು. ತನ್ಮಯಿ ಟೇಬಲ್ಲಿನ ಅಡಿಯಲ್ಲಿ ಕೂತಿದ್ದಳು. ಕೈಯಲ್ಲಿ ಅರ್ಧ ತಿಂದ ದೋಸೆ. ಸ್ಮೃತಿ ಬಗ್ಗಿ, ಬಾ ಮಗಾ, ಇನ್ನೊಂದು ದೋಸೆ ಬೇಕಾ ಎಂದು ಕರೆದಳು. ತನ್ಮಯಿ ಅವಳನ್ನು ನೋಡಿದಳು. ತುಟಿ ಒಂದಕ್ಕೊಂದು ಅಂಟಿದ್ದವು. ಸ್ಮೃತಿಗೆ ಆ ಮುಖದ ಗುರುತಿತ್ತು, ಆದರೆ ಅವಳು ಅದನ್ನು ನೋಡಿದ್ದು ಶಾಲೆಯ ಗೇಟಿನಾಚೆ. ಮನೆಯೊಳಗೆ, ಈ ಟೇಬಲ್ಲಿನ ಅಡಿಯಲ್ಲಿ, ಇದೇ ಮೊದಲು.

ಕತ್ತಲಾಗುವ ತನಕ ಪ್ರಯತ್ನಿಸಿದಳು. ಹೊಸದಾದ ಫೋನನ್ನು ಅಕ್ಕಿಡಬ್ಬಿಯ ಹಿಂದೆ ಇಟ್ಟು, ಏನೂ ಆಗದವಳ ಹಾಗೆ ಪಾತ್ರೆ ತೊಳೆಯುತ್ತ ಹಲ್ಲಿಯ ವಿಷಯ ತೆಗೆದಳು. ಕಾಗೆಯ ವಿಷಯ ತೆಗೆದಳು. ತನ್ಮಯಿ ತಲೆ ಆಡಿಸಿದಳು, ಬೆರಳು ತೋರಿಸಿದಳು, ನೀರು ಬೇಕಾದಾಗ ಲೋಟ ಎತ್ತಿ ಹಿಡಿದಳು. ಮಾತು ಹೊರಡಲಿಲ್ಲ. ಅಜ್ಜಿ ಮಡಿಲಲ್ಲಿ ಕೂರಿಸಿಕೊಂಡಾಗಲೂ ಹೊರಡಲಿಲ್ಲ. ಫೋನ್ ತೆಗೆದು ನೋಡಿದರೆ ಅದರಲ್ಲಿ ಇದ್ದದ್ದು ನಲ್ಲಿಯ ಸದ್ದು, ಸ್ಮೃತಿಯ ಒಬ್ಬಳದೇ ದನಿ. ಆ ದನಿಯ ಸಲಿಗೆ ಅವಳಿಗೇ ಸುಳ್ಳೆನಿಸಿತು. ಬಾಯಿ ಮುಚ್ಚಿಸಿದ್ದು ತನ್ನ ಕೂಗೋ ಎಲ್ಲ ಅಳಿಸಿದ ಗಂಡನ ಕೈಯೋ ಎಂದು ತೂಗಿ ನೋಡಿ, ತೂಕ ಸಿಗದೆ, ಕೊನೆಗೆ ಸಿಟ್ಟೆಲ್ಲ ಪುನಃ ಅವನ ಮೇಲೆಯೇ ಹೋಗಿ ಬಿತ್ತು. ಟಿವಿಯ ಎದುರು ಕೂತಿದ್ದ ಅಭಿರಾಮನ ಬಳಿ ಹೋಗಿ ಒಂದೇ ಮಾತು ಹೇಳಿದಳು.

"ನಾಳೆ ಶಾಲೆಗೆ ನೀವೂ ಬರ್ತೀರಿ."

ಮರುದಿನ ಬೆಳಿಗ್ಗೆ, ಮೀಟಿಂಗಿಗೆ ಮೊದಲು, ಜೂಲಿ ಟೀಚರ ಕೋಣೆಯಲ್ಲಿ ಮಕ್ಕಳ ಚಿಕ್ಕ ಕುರ್ಚಿಗಳೇ ಇದ್ದವು. ಅಭಿರಾಮ ಮೊಣಕಾಲು ಎದೆಗೆ ತಾಗುವ ಹಾಗೆ ಕೂತ. ನಡುವೆ ತನ್ಮಯಿ, ಆಚೆ ಕಡೆ ಸ್ಮೃತಿ. ದಾರಿಯುದ್ದಕ್ಕೂ ಗಂಡ ಹೆಂಡತಿ ಮಾತಾಡಿರಲಿಲ್ಲ. ಅಂಗಳದಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಗಲಾಟೆ ಮಾಡುತ್ತ ಕ್ಲಾಸಿಗೆ ಹೋಗುತ್ತಿದ್ದರು.

ಜೂಲಿ ಟೀಚರ್ ಮೊದಲು ತನ್ಮಯಿಗೆ ಗುಡ್ ಮಾರ್ನಿಂಗ್ ಹೇಳಿದರು. ಸ್ವಲ್ಪ ಹೊತ್ತು ಅವಳ ತುಟಿಗಳನ್ನೇ ನೋಡಿ, ನಿರೀಕ್ಷೆ ಬಿಟ್ಟು, ಸ್ಮೃತಿಯ ಕಡೆ ತಿರುಗಿದರು.

"ತಂದಿದ್ದೀರಲ್ಲ?"

"ಇಲ್ಲ ಟೀಚರ್. ಯಾಕೆ ಇಲ್ಲ ಅಂತ ಇವರು ಹೇಳ್ತಾರೆ."

ಹೆಂಡತಿಯೇ ಎಲ್ಲ ಹೇಳುತ್ತಾಳೆ, ತಾನು ಬದಿಗೆ ಕೂತು ತಲೆ ಆಡಿಸಿದರೆ ಸಾಕು ಎಂದುಕೊಂಡು ಬಂದಿದ್ದ ಅಭಿರಾಮ ಗಂಟಲು ಸರಿಮಾಡಿಕೊಂಡ. ಫೋನು ಹಾಳಾಯಿತು, ರಿಪೇರಿಯಲ್ಲಿ ಎಲ್ಲ ಹೋಯಿತು ಎಂದ. ಯಾರು ರಿಪೇರಿ ಮಾಡಿದ್ದು ಎಂದು ಹೇಳಲಿಲ್ಲ. ಮನೆಯಲ್ಲಿ ಮಾತಾಡುತ್ತಾಳೆ ಟೀಚರ್, ಬಾಯಿಗೆ ಬಿಡುವೇ ಇಲ್ಲ, ನಾವೇ ಕಿವಿ ಮುಚ್ಚಿಕೊಳ್ಳಬೇಕು ಎಂದು ನಕ್ಕ.

ಜೂಲಿ ಟೀಚರ್ ನಗಲಿಲ್ಲ. ಎದುರಿನ ಹಾಳೆಯನ್ನು ಹತ್ತಿರ ಎಳೆದುಕೊಂಡು ಪೆನ್ನಿನ ಮುಚ್ಚಳ ತೆರೆದರು. "ಅಡ್ಡಿಲ್ಲ ಸರ್. ಅಪ್ಪ ಹೇಳಿದ್ರು ಅಂತ ಬರ್ಕೊಳ್ತೇನೆ, ಮೀಟಿಂಗಿನಲ್ಲಿ ಅದನ್ನೇ ಓದ್ತೇನೆ. ಇವಳು ಎಂತ ಮಾತಾಡ್ತಾಳೆ ಹೇಳಿ."

"ಎಲ್ಲ ಮಾತಾಡ್ತಾಳೆ. ಆಟದ್ದು, ಶಾಲೆಯದ್ದು..."

"ಹಾಗಲ್ಲ. ಅವಳು ಹೇಳಿದ ಒಂದು ಮಾತು. ಅವಳು ಹೇಳಿದ ಹಾಗೆಯೇ."

ಅಭಿರಾಮ ಸ್ಮೃತಿಯ ಕಡೆ ನೋಡಿದ. ಅವಳ ನಾಲಿಗೆಯ ಮೇಲೆ ಮಗಳ ಮಾತುಗಳೆಲ್ಲ ಸಾಲುಗಟ್ಟಿ ನಿಂತಿದ್ದವು, ಯಾವ ದಿನದ್ದು ಎಂಬುದರ ಸಮೇತ. ಹೇಳುತ್ತಾಳೆ, ಖಂಡಿತ ಹೇಳುತ್ತಾಳೆ, ಮಗಳ ವಿಷಯ ಕೆಡಲು ಬಿಡುವವಳಲ್ಲ ಅವಳು. ಆದರೆ ಇವರು ಒಮ್ಮೆ ತಮ್ಮೊಳಗೆ ತಡಕಾಡಿ ನೋಡಲಿ. ಎಲ್ಲಾದರೂ ಒಂದು ಉಳಿದಿದೆಯೋ ಎಂದು ಹುಡುಕಲಿ. ಹಾಗೆಂದುಕೊಂಡದ್ದು ಪಾಪವೋ ಏನೋ ಎಂಬ ಹೆದರಿಕೆಯೂ ಆಯಿತು. ಆದರೂ ಅವಳು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಅಂಗಳ ಖಾಲಿಯಾಯಿತು. ಎಲ್ಲೋ ಒಂದು ಕ್ಲಾಸಿನ ಬಾಗಿಲು ಹಾಕಿದರು.

ಅಭಿರಾಮ ಬಾಯಿ ತೆರೆದ. ಮುಚ್ಚಿದ. ಜೂಲಿ ಟೀಚರ್ ಪೆನ್ನು ಹಿಡಿದು ಕಾಯುತ್ತಿದ್ದರು. ತನ್ಮಯಿ ಕುರ್ಚಿಯಿಂದ ಜಾರಿ ಇಳಿದು ಅಪ್ಪನ ಮೊಣಕಾಲಿನ ಹತ್ತಿರ ಬಂದು ನಿಂತಳು. ಅಷ್ಟು ಚಿಕ್ಕ ಕುರ್ಚಿಯಲ್ಲಿ ಅವನ ಮುಖ ಅವಳ ಮುಖದ ಎತ್ತರಕ್ಕೇ ಇತ್ತು. ಅವಳು ಕಣ್ಣು ಮಿಟುಕಿಸದೆ ಅವನ ತುಟಿಗಳನ್ನು ನೋಡುತ್ತ ನಿಂತಳು.