ಹಲ್ಲು ಕ್ಲೀನ್ ಮಾಡಿಸಲು ಬಂದ ದೊರೆ

ಮೂರು ತಿಂಗಳಲ್ಲಿ ಒಮ್ಮೆಯೂ ಅತ್ತಿಲ್ಲ, ನನ್ನ ಎದೆಯಲ್ಲಿ ಏನಾದರೂ ಕೆಟ್ಟಿದೆಯೇ? ಬೆಳಿಗ್ಗೆ ಡೈರಿಯಲ್ಲಿ ಇಷ್ಟು ಬರೆದು, ಯಾರಾದರೂ ಓದಿಬಿಟ್ಟಾರೆಂಬಂತೆ ತಟ್ಟನೆ ಮುಚ್ಚಿ, ಅವಳು ಪ್ರಾಣಿಗಳ ಕ್ಲಿನಿಕ್ಕಿಗೆ ಹೊರಟಿದ್ದಳು. ಡಿಗ್ರಿ ಮುಗಿಸಿ ಮೂರು ತಿಂಗಳಿಂದ ಅಲ್ಲಿ ಸಹಾಯಕಿಯಾಗಿದ್ದಳು. ಡಾಕ್ಟರಮ್ಮ ಸೂಜಿ ಚುಚ್ಚುವಾಗ ಪ್ರಾಣಿಯನ್ನು ಹಿಡಿದುಕೊಳ್ಳುವುದೇ ಅವಳ ಮುಖ್ಯ ಕೆಲಸ. ಬಾಯಿ ಬಿಟ್ಟರೆ ಮುತ್ತು ಉದುರಿ ಹೋದೀತು ಎಂಬಂತಿದ್ದವಳಿಗೆ ಡಾಕ್ಟರಮ್ಮ ತಮಾಷೆಗೆ ಇಟ್ಟ ಹೆಸರು ಮಾತಿನಮಲ್ಲಿ.

ವಾಸಿಯಾಗದ ನಾಯಿ ಬೆಕ್ಕುಗಳನ್ನು ನೋವಿಲ್ಲದೆ ಕಳಿಸಿಕೊಡುವ ಕ್ರಮವನ್ನೂ ಅವರೇ ಕಲಿಸಿದ್ದರು. ಮೊದಲು ನಿದ್ದೆಯ ಇಂಜೆಕ್ಷನ್. ಹತ್ತು ನಿಮಿಷ ಕಾಯಬೇಕು, ಗಡಿಬಿಡಿ ಕೂಡದು. ಆಮೇಲೆ ನರಕ್ಕೆ ಗುಲಾಬಿ ಬಣ್ಣದ ಔಷಧಿ. ಬೇರೆ ಔಷಧಿಯೊಂದಿಗೆ ಅದಲುಬದಲಾಗದಿರಲೆಂದೇ ಆ ಬಣ್ಣ. ಕೊನೆಗೆ ಕಣ್ಣಿನ ಮೂಲೆ ಮುಟ್ಟಿ ನೋಡಿ, ಎದೆಬಡಿತ ನಿಂತಿದೆಯೇ ಎಂದು ಆಲಿಸಬೇಕು.

"ಕಣ್ಣು ಮುಚ್ಚಲ್ಲ ಅಂತ ಮನೆಯವರಿಗೆ ಮೊದ್ಲೇ ಹೇಳ್ಬೇಕಮ್ಮ. ಇಲ್ಲಾಂದ್ರೆ ಇನ್ನೂ ನೋಡ್ತಾ ಇದೆ ಅಂದ್ಕೋತಾರೆ," ಎಂದಿದ್ದರು.

ಆ ಮಧ್ಯಾಹ್ನ ಅಕ್ಕ ದೊರೆಯನ್ನು ಕರೆದುಕೊಂಡು ಬಂದಳು. ದೊರೆ ಅಕ್ಕ ತಂಗಿ ಇಬ್ಬರೂ ಸೇರಿ ಸಾಕಿದ ನಾಯಿ, ಒಂಬತ್ತು ವರ್ಷದ್ದು. ತಂಗಿ ಹಾಸ್ಟೆಲ್ ಸೇರಿದ ಮೇಲೆ ಅಕ್ಕನ ಮನೆಯಲ್ಲಿತ್ತು. ತಂಗಿಯನ್ನು ಕಂಡದ್ದೇ ತಡ, ಬಾಲವಿರಲಿ, ಅದರ ಇಡೀ ಸೊಂಟವೇ ಕುಣಿಯತೊಡಗಿತು.

"ಬಾಯಿ ವಾಸ್ನೆ ತಡೆಯೋಕಾಗ್ತಿಲ್ಲ ಪುಟ್ಟಿ. ಹಲ್ಲು ಕ್ಲೀನ್ ಮಾಡಿಸೋಣ ಅಂತ. ಡಾಕ್ಟರ್ ಹತ್ರ ನಿನ್ನೆನೇ ಫೋನಲ್ಲಿ ಮಾತಾಡಿದೀನಿ," ಎಂದಳು ಅಕ್ಕ. "ನೀನೇ ಹಿಡ್ಕೋ. ಈ ಮಹಾರಾಯ ಬೇರೆ ಯಾರ ಮಾತೂ ಕೇಳಲ್ಲ."

ಹಲ್ಲು ಕ್ಲೀನ್ ಮಾಡಲೂ ನಾಯಿಯನ್ನು ಮಲಗಿಸಲೇಬೇಕು. ಅವಳಿಗೆ ಅನುಮಾನ ಬರಲು ಕಾರಣವಿರಲಿಲ್ಲ. ಕುತ್ತಿಗೆ ತಬ್ಬಿ ಹಿಡಿದಳು. ಡಾಕ್ಟರಮ್ಮ ನಿದ್ದೆಯ ಇಂಜೆಕ್ಷನ್ ಕೊಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ದೊರೆಯ ತಲೆ ಅವಳ ತೊಡೆಯ ಮೇಲೆ ಭಾರವಾಯಿತು. ತುಟಿ ಎತ್ತಿ ನೋಡಿದಳು. ದವಡೆಯ ಹಲ್ಲಿಗೆ ಕಂದು ಪಾಚಿ ಕಟ್ಟಿತ್ತು. ಅರ್ಧ ಗಂಟೆಯ ಕೆಲಸ, ಅಂದುಕೊಂಡಳು.

ಡಾಕ್ಟರಮ್ಮ ತಂದ ಟ್ರೇಯಲ್ಲಿ ಗುಲಾಬಿ ಬಣ್ಣದ ಸಿರಿಂಜ್ ಇತ್ತು.

"ಗಟ್ಟಿ ಮನಸ್ಸು ಕಣಮ್ಮ ನಿಂದು," ಎಂದರು ಮೆಲ್ಲಗೆ. "ಲಿವರ್ ತುಂಬ ಗಡ್ಡೆ ಅಂತ ಬೇರೆ ಡಾಕ್ಟರ್ ಹೇಳಿದ್ರಂತೆ. ನೀನೇ ಒಪ್ಪಿದೆಯಂತೆ. ಆ ಮಾತೆತ್ತಿದ್ರೆ ನೀನು ತಡ್ಕೊಳ್ಳಲ್ಲ ಅಂದ್ರು ನಿಮ್ಮಕ್ಕ. ಅದಕ್ಕೇ ನಾನೂ ಏನೂ ಕೇಳ್ಲಿಲ್ಲ."

ಕೂತ ಸ್ಟೂಲು ಇದ್ದಲ್ಲೇ ಇತ್ತು; ಆದರೂ ಅವಳಿಗೆ ಬಿದ್ದಂತಾಯಿತು. ಬೇರೆ ಯಾರಾದರೂ ಹೀಗೆ ಸುಮ್ಮನೆ ಹಿಡಿದು ಕೂತಿದ್ದರೆ ಡಾಕ್ಟರಮ್ಮ ಹತ್ತು ಪ್ರಶ್ನೆ ಕೇಳುತ್ತಿದ್ದರು. ಮಾತೇ ಆಡದವಳ ಮೌನದಲ್ಲಿ ಯಾರಿಗೆ ತಾನೇ ವಿಶೇಷ ಕಂಡೀತು? ಅಕ್ಕ ಅದನ್ನು ಲೆಕ್ಕ ಹಾಕಿಯೇ ಬಂದಿದ್ದಳು.

ಡಾಕ್ಟರಮ್ಮ ಕೈ ತೊಳೆಯಲು ಮೂಲೆಯ ಸಿಂಕಿಗೆ ಹೋಗಿ ನಲ್ಲಿ ಬಿಟ್ಟರು. ಅಕ್ಕ ಬಗ್ಗಿ ಪಿಸುಗುಟ್ಟಿದಳು.

"ನಾವು ಹೋಗೋ ಹೊಸ ಬಾಡಿಗೆ ಮನೇಲಿ ನಾಯಿ ಇಟ್ಕೊಳ್ಳೋಕೆ ಬಿಡಲ್ಲ ಪುಟ್ಟಿ. ನಿನ್ನ ಹಾಸ್ಟೆಲ್‌ನಲ್ಲಿ ಸೇರಿಸ್ತಾರಾ? ಗಡ್ಡೆ ಅಂತ ಹೇಳ್ದೇ ಇದ್ರೆ ಇವ್ರು ಮಾಡ್ತಿರ್ಲಿಲ್ಲ. ಕಂಡವರ ಮನೇಲಿ ನರಳೋ ಬದ್ಲು ನಿನ್ನ ತೊಡೆ ಮೇಲೇ ಹೋಗ್ಲಿ ಅಂತ..."

ಅವಳು ಅಕ್ಕನ ಮುಖವನ್ನೇ ನೋಡಿದಳು.

"ಹಾಗ್ ನೋಡ್ಬೇಡ. ಚಿಕ್ಕಂದಿನಿಂದ ನಿನ್ನ ಪರವಾಗಿ ಮಾತಾಡಿದ್ದು ನಾನೇ ತಾನೇ?"

ಅದು ನಿಜವೇ. ಶಾಲೆಯಲ್ಲಿ, ನೆಂಟರೆದುರು, ಅಂಗಡಿಯಲ್ಲಿ ಅವಳ ಮಾತನ್ನೆಲ್ಲ ಅಕ್ಕನೇ ಆಡಿದ್ದಳು. ಆ ಬಾಯಿಯನ್ನು ನಂಬಿದಷ್ಟು ಅವಳು ತನ್ನ ಬಾಯಿಯನ್ನೂ ನಂಬಿರಲಿಲ್ಲ.

ನಲ್ಲಿ ನಿಂತಿತು. ಡಾಕ್ಟರಮ್ಮ ಬಂದು ದೊರೆಯ ಮುಂಗಾಲಿಗೆ ಸ್ಪಿರಿಟ್ ಒರೆಸಿದರು.

"ಮೇಲುಗಡೆ ಹೆಬ್ಬೆರಳು ಒತ್ತಮ್ಮ, ನರ ಏಳ್ಲಿ."

ಹಿಡಿದವರು ಒತ್ತದಿದ್ದರೆ ಮಲಗಿದ ನಾಯಿಯ ನರ ಸರಿಯಾಗಿ ಕಾಣುವುದಿಲ್ಲ. ಅವಳು ಒತ್ತಲಿಲ್ಲ. ಒದ್ದೆಯಾದ ಜಾಗದ ಮೇಲೆ ಅಂಗೈಯನ್ನು ಅಗಲವಾಗಿ ಇಟ್ಟು ಮುಚ್ಚಿದಳು.

"ಪುಟ್ಟಿ," ಎಂದಳು ಅಕ್ಕ.

ಡಾಕ್ಟರಮ್ಮ ಸಿರಿಂಜನ್ನು ಹಿಂದಕ್ಕೆಳೆದು, ಕನ್ನಡಕದ ಮೇಲಿಂದ ಅಕ್ಕನನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದರು.

"ನಾನು ಒಪ್ಪಿಲ್ಲ ಮೇಡಂ," ಎಂದಳು ಅವಳು. "ಇವನಿಗೆ ಯಾವ ಗಡ್ಡೆನೂ ಇಲ್ಲ."