ಜಯಕ್ಕ ಹೇಳಿದ ಟಗರಿನ ರೋಗ

ಬಿ.ದುರ್ಗದ ಕುರಿಗಾರ ಮಾರಣ್ಣ ಕಂಬಳಿಯನ್ನು ಹೆಗಲಿಗೆ ಎಸೆದುಕೊಂಡು ಎಂಟ್ರಿ ಕೊಟ್ಟರೆ, ಹಿಂದೆ ಮ್ಯೂಸಿಕ್ ಒಂದೇ ಬಾಕಿ. ಇನ್ನೂರು ಕುರಿಗಳಲ್ಲಿ ಯಾವುದಕ್ಕೆ ಹುಷಾರಿಲ್ಲ ಎಂದು ದೂರದಿಂದಲೇ ಹೇಳುವ ಗಂಡು!

ಎರಡು ತಿಂಗಳಿಂದ ಅವನಿಗೆ ವಿಪರೀತ ಬಾಯಾರಿಕೆ. ಬಿಂದಿಗೆ ಖಾಲಿ ಮಾಡುತ್ತಿದ್ದ, ಗಳಿಗೆಗೊಮ್ಮೆ ಬೇಲಿ ಕಡೆ ಓಡುತ್ತಿದ್ದ. "ಉಷ್ಣ ಆಗೈತೆ ಕಣೇ" ಎಂದು ಹೆಂಡತಿಗೆ ಹೇಳಿ ದಿನಾ ಎರಡು ಚೊಂಬು ಬೆಲ್ಲದ ಪಾನಕ ಇಳಿಸುತ್ತಿದ್ದ. ಬಾಯಾರಿಕೆ ಇಳಿಯಲಿಲ್ಲ, ಮೈ ಇಳಿಯಿತು. ಸೊಂಟದ ಉಡದಾರವೇ ಜಾರತೊಡಗಿತು. ಒಂದು ದಿನ ಕಣ್ಣು ಮಂಜಾಗಿ, ಪಕ್ಕದ ಮನೆ ಕಾಟಪ್ಪನ ಕುರಿಯನ್ನು ತನ್ನದೆಂದು ಹೊಡೆದುಕೊಂಡು ಬಂದು ಬೈಸಿಕೊಂಡ.

ಮಾರನೇ ದಿನ ಬೆಳಿಗ್ಗೆ ಅವನ, ಕಾಟಪ್ಪನ ಇಬ್ಬರ ಮಂದೆಯೂ ಮೇವಿಗೆ ಹೊಸದುರ್ಗದ ಕಡೆ ಹೊರಡಬೇಕಿತ್ತು. ಹೋದರೆ ವಾಪಸ್ಸು ಬರುವುದು ಎರಡು ತಿಂಗಳಿಗೆ. ಹೊಸಿಲ ಮೇಲೆ ರಕ್ತದ ಕಲೆ ಕಂಡು ಹೆಂಡತಿ ಗಿರಿಯಮ್ಮ ಅವನ ಚಪ್ಪಲಿ ಕಳಚಿಸಿದಳು. ಎಡಗಾಲ ಹೆಬ್ಬೆರಳ ಕೆಳಗೆ ಜಾಲಿಮುಳ್ಳು ಮುರಿದು ನಿಂತಿತ್ತು. ಸುತ್ತಲೂ ಕೀವು.

"ಏನ್ರಿ ಇದು! ನೋವಾಗ್ತಿಲ್ವಾ?"

"ಮುಳ್ಳಾ? ನಂಗೆ ಗೊತ್ತೇ ಆಗ್ಲಿಲ್ಲ. ಈ ಕಾಲು ಮುಳ್ಳಿಗೆ ಹೆದ್ರಲ್ಲ ಕಣೇ, ಮುಳ್ಳೇ ಈ ಕಾಲಿಗೆ ಹೆದರ್ಬೇಕು!"

ಗಿರಿಯಮ್ಮ ನಗಲಿಲ್ಲ. ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಓಡಿ, ಎರಡು ತಿಂಗಳ ಕಥೆಯನ್ನೆಲ್ಲ ಹೇಳಿ, ಆಶಾ ಕಾರ್ಯಕರ್ತೆ ಜಯಕ್ಕನನ್ನು ಕರೆತಂದಳು.

"ಮಾರಣ್ಣ, ಆಸ್ಪತ್ರೆಗೆ ಹೋಗಾಣ. ಸಕ್ಕರೆ ಪರೀಕ್ಷೆ ಮಾಡಿಸ್ಬೇಕು."

"ನಂಗೆ ಸಕ್ಕರೆ ಕಾಯ್ಲೆನಾ? ಅದು ಕುರ್ಚಿ ಮೇಲೆ ಕುಂತು ತಿನ್ನೋರಿಗೆ ಬರೋದು. ನಾನು ದಿನಾ ಹತ್ತು ಮೈಲಿ ನಡಿಯೋನು. ದಾರಿ ಬಿಡಮ್ಮ!"

ಮಾರಣ್ಣ ಕೋಲು ಎತ್ತಿದ. ಕುರಿಗಳು ಹೊರಟೇಬಿಟ್ಟವು. ಜಯಕ್ಕ ಅಡ್ಡ ನಿಂತಳು.

"ಹೋಗು, ಬ್ಯಾಡ ಅನ್ನಲ್ಲ. ಒಂದು ಟಗರಿನ ವಿಷ್ಯ ಹೇಳಿ ಹೋಗು. ನೀರಿನ ತೊಟ್ಟಿ ಬಿಟ್ಟು ಅಲ್ಲಾಡಲ್ಲ. ಗಳಿಗೆಗೊಂದ್ಸಲ ಉಚ್ಚೆ ಹೊಯ್ತೈತೆ. ಚೆನ್ನಾಗೇ ಮೇಯ್ತೈತೆ, ಮೈ ಮಾತ್ರ ಕರಗ್ತೈತೆ."

ಕಸುಬಿನ ಮಾತು ಬಂದದ್ದೇ ಮಾರಣ್ಣನ ಕೋಲು ಇಳಿಯಿತು.

"ಎಷ್ಟು ದಿನ ಆತು?"

"ಎರಡು ತಿಂಗಳು."

"ಅಷ್ಟು ದಿನಾನಾ! ಕಣ್ಣು?"

"ಮಂಜು ಮಂಜು."

"ಕಾಲು ನೋಡಿದ್ರಾ?"

"ಮುಳ್ಳು ಹೊಕ್ಕು ಕೀವಾಗೈತೆ. ಆದ್ರೂ ಕುಂಟ್ತಿಲ್ಲ."

ಮಾರಣ್ಣ ಸಿಡಿದೆದ್ದ. "ಕುಂಟ್ತಿಲ್ಲ ಅಂದ್ರೆ ಕಾಲು ಸಾಯ್ತಾ ಐತೆ ಕಣಮ್ಮ! ಈಗಿಂದೀಗ್ಲೇ ಡಾಕ್ಟ್ರತ್ರ ಹೊತ್ಕೊಂಡು ಹೋಗ್ಬೇಕು. ಎರಡು ತಿಂಗ್ಳು ಸುಮ್ನಿದ್ದ ಅದರ ಯಜಮಾನ ಯಾವನು? ಅವ್ನಿಗೆ ಬುದ್ಧಿ ಐತಾ?"

"ಯಜಮಾನ ಅಲ್ಲ, ಯಜಮಾನಿ. ಅಗೋ, ಅಲ್ಲೇ ನಿಂತವ್ಳೆ."

ರಕ್ತ ಅಂಟಿದ ಚಪ್ಪಲಿ ಹಿಡಿದು ಗಿರಿಯಮ್ಮ ಅಳುತ್ತಿದ್ದಳು.

ಮಾರಣ್ಣ ಮೊದಲು ಅವಳನ್ನು ನೋಡಿದ. ಆಮೇಲೆ ತನ್ನ ಕಾಲನ್ನು. ಜಾರಿದ ಉಡದಾರವನ್ನು ಮೇಲಕ್ಕೆಳೆದುಕೊಂಡು ಕೂಗಿದ: "ಲೇ ಕಾಟಪ್ಪ, ನನ್ ಕುರಿನೂ ನೀನೇ ಹೊಡ್ಕೊಂಡು ನಡಿಯಪ್ಪ."

ಹೊಳಲ್ಕೆರೆಯ ಆಸ್ಪತ್ರೆಯಲ್ಲಿ ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದರು. ಮೆಷಿನ್ನಿನಲ್ಲಿ ಬಂದ ಸಕ್ಕರೆ ನಾನೂರ ಹನ್ನೆರಡು! ಊಟ ಮಾಡಿದ್ದರೂ ಇನ್ನೂರು ಮುಟ್ಟಬಾರದು. ಮುಳ್ಳು ತೆಗೆದ ಡಾಕ್ಟರು, "ಇನ್ನೂ ತಡ ಮಾಡಿದ್ರೆ ಪಾದಾನೇ ಹೋಗ್ತಿತ್ತು" ಎಂದರು.

ಪಾನಕ ನಿಂತಿತು, ಮಾತ್ರೆ ಶುರುವಾಯಿತು, ಗಾಯ ಮಾಯಿತು, ಕಾಲು ಉಳಿಯಿತು. ಈಗ ದಿನಾ ಸಂಜೆ ಕುರಿಗಳ ಗೊರಸು ನೋಡಿ ಮುಗಿಸಿದ ಮೇಲೆ ಮಾರಣ್ಣ ಕಟ್ಟೆ ಮೇಲೆ ಕೂತು ಪಾದ ಚಾಚುತ್ತಾನೆ. "ಇನ್ನೂರಾ ಒಂದನೇದು ಬಾಕಿ ಐತೆ, ನೋಡು ಬಾರೇ."

ಓದಿದಿರಲ್ಲ, ಈಗ ನಿಮ್ಮ ಮನೆಯ ಹೀರೋ, ಹೀರೋಯಿನ್ ಕಡೆ ತಿರುಗಿ ನೋಡಿ. ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ಇಳಿಯುವ ಮೈ, ಸುಸ್ತು, ಮಂಜುಗಣ್ಣು, ಮಾಯದ ಗಾಯ, ಜೋಮು ಹಿಡಿದ ಪಾದ, ಇವುಗಳಲ್ಲಿ ಯಾವುದು ಕಂಡರೂ "ಉಷ್ಣ" ಎಂದು ತಳ್ಳಿಹಾಕಬೇಡಿ. ಜೊತೆಗೆ ವಾಂತಿ, ಏದುಸಿರು, ಮಂಪರು ಬಂದರೆ ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಓಡಿ. ಸಕ್ಕರೆ ಪರೀಕ್ಷೆಗೆ ಬೇಕಾದದ್ದು ಒಂದೇ ಒಂದು ಹನಿ ರಕ್ತ. ನಿಮ್ಮೂರಿನ ಆಶಾ ಅಕ್ಕನನ್ನು ಇವತ್ತೇ ಕೇಳಿ. ಅವಳು ಟಗರಿನ ಕಥೆ ಹೇಳುವವರೆಗೂ ಕಾಯಬೇಡಿ.