ಮೀನಖಂಡದ ಪೆಟ್ಟು

"ನಾಸೀರ ಬರೂ ತನಕ ಯಾರೂ ಬಾಯಿ ಬಿಡೂದು ಬ್ಯಾಡ," ಎಂದರು ಗುದ್ಲೆಪ್ಪ ಸುಬೇದಾರರು, ಕನ್ನಡಕ ಒರೆಸುತ್ತ. "ಆರೋಪ ಇರೂದು ಅವನ ಮ್ಯಾಲೆ. ಅವನ ಬೆನ್ನ ಹಿಂದ ನಾ ಏನೂ ಕೇಳೂದಿಲ್ಲ."

ಗೋಡೆಗೆ ಆತು ನಿಂತಿದ್ದ ಹವಾಲ್ದಾರ ಫಕ್ಕೀರೇಶನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಅದನ್ನು ಮುಚ್ಚಿಕೊಳ್ಳಲು ಮುಖ ಗಂಟು ಹಾಕಿಕೊಂಡಿದ್ದ. ಎದುರಿನ ಬೆಂಚಿನ ಮೇಲೆ ತರಬೇತಿಗೆ ಬರುವ ತಿಳವಳ್ಳಿಯ ಸವಿತಾ ಎಡಗಾಲು ನೀಡಿ ಕುಳಿತಿದ್ದಳು. ಮೀನಖಂಡ ಊದಿ ನೀಲಿಗಟ್ಟಿತ್ತು. ಪಕ್ಕದಲ್ಲಿ ಅವಳ ಅವ್ವ ಮಂಜವ್ವ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಳಕ್ಕೆ ತಯಾರಾಗಿಯೇ ಬಂದವಳು. ಮೊನ್ನೆ ಮುಂಜಾನೆಯ ಓಟದಲ್ಲಿ ನಾಸೀರ ಉಸ್ತಾದ ಮಗಳಿಗೆ ಕೋಲಿನಿಂದ ಹೊಡೆದ ಎಂಬುದು ಅವರ ದೂರು.

ಉಸ್ತಾದ! ಆ ಒಂದು ಶಬ್ದ ಕಿವಿಗೆ ಬಿದ್ದರೆ ಸಾಕು, ಫಕ್ಕೀರೇಶನ ಮೈಯೆಲ್ಲ ಉರಿಯುತ್ತಿತ್ತು. ಫೌಜಿನಲ್ಲಿ ತರಬೇತಿ ಕೊಡುವವನನ್ನು ಹಾಗೆ ಕರೆಯುವುದು ರೂಢಿ. ಇಪ್ಪತ್ನಾಲ್ಕು ವರ್ಷ ಫೌಜಿನಲ್ಲಿದ್ದು ಬಂದವನು ಫಕ್ಕೀರೇಶ; ಹಾನಗಲ್ಲಿನಲ್ಲಿ ಸುಬೇದಾರರು ಈ ಸೈನ್ಯಭರ್ತಿ ತರಬೇತಿ ಶಾಲೆ ತೆರೆದ ದಿನದಿಂದಲೂ ಮೈದಾನದಲ್ಲಿ ಬೆವರು ಸುರಿಸಿದವನು. ನಾಸೀರನೋ ಸವಣೂರಿನಿಂದ ಬೈಕಿನ ಮೇಲೆ ಬಂದು ಹೋಗುವ ನಿವೃತ್ತ ನಾಯಕ್, ಹುದ್ದೆಯಲ್ಲೂ ಒಂದು ಮೆಟ್ಟಿಲು ಕೆಳಗಿನವನು. ಬಂದು ಎರಡು ವರ್ಷವಾಗಿಲ್ಲ, ಆಗಲೇ ಹುಡುಗ ಹುಡುಗಿಯರಿಗೆಲ್ಲ ಅವನು ಉಸ್ತಾದ. ಫಕ್ಕೀರೇಶ ಬರೀ 'ಸರ್'. ಯಾರಾದರೂ ಭರ್ತಿಯಾದರೆ ಪೇಡೆಯ ಡಬ್ಬಿ ಮೊದಲು ತೆರೆಯುವುದು ನಾಸೀರನ ಮುಂದೆ. ಫಕ್ಕೀರೇಶನ ಹತ್ತಿರ ಬರುವಷ್ಟರಲ್ಲಿ ಅದರಲ್ಲಿ ಪುಡಿ ಉಳಿದಿರುತ್ತಿತ್ತು. ಮೊಳಕಾಲು ನೋವಿನ ಸುಬೇದಾರರು ಮುಂದಿನ ತಿಂಗಳಿನಿಂದ ಮೈದಾನದ ಹಿರಿತನವನ್ನು ಇಬ್ಬರಲ್ಲೊಬ್ಬರಿಗೆ ಒಪ್ಪಿಸುವವರಿದ್ದರು. ಯಾರಿಗೆ ಎಂದು ಯೋಚಿಸಿ ಯೋಚಿಸಿಯೇ ಫಕ್ಕೀರೇಶನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ನಾಸೀರ ಬಂದ. ಸುಬೇದಾರರು ಅವನಿಗೂ ಒಂದು ಕುರ್ಚಿ ತೋರಿಸಿದರು.

"ಮೊದಲು ಹುಡುಗಿ ಹೇಳ್ತಾಳ. ಆಕಿನ್ನ ಯಾರೂ ಹೆದರಸೂದಿಲ್ಲ. ಎಲ್ಲಾರ ಮಾತು ಬರಕೋತೇನಿ, ಓದಿ ಹೇಳ್ತೇನಿ, ಒಪ್ಪಿದವರು ಸಹಿ ಮಾಡ್ರಿ. ನಾಸೀರ, ನೀ ಇಲ್ಲೇ ಕುಂತು ಕೇಳು, ನಿನಗೂ ಪ್ರಶ್ನೆ ಕೇಳೂ ಹಕ್ಕೈತಿ. ಹೊಡದದ್ದು ಖರೆ ಆದ್ರ ನಾಳಿಂದ ಮೈದಾನಕ್ಕ ಕಾಲಿಡಬ್ಯಾಡ."

ಸವಿತಾ ತಲೆ ತಗ್ಗಿಸಿಯೇ ಹೇಳಿದಳು. "ಕಡೀ ಸುತ್ತು ಇತ್ರಿ. ಜೋರ ಓಡಾಕ ಹೋದೆ. ಹಿಂದಿನಿಂದ ಬಡಿಗಿಲೆ ಫಟ್ ಅಂತ ಕೊಟ್ಟಂಗಾತು, ಬಿದ್ದೆ. ತಿರುಗಿ ನೋಡಿದ್ರ ಉಸ್ತಾದ್ರು ಕೋಲು ಹಿಡಕೊಂಡು ನಿಂತಿದ್ರು."

"ಹೊಡಿಯೂದು ಕಂಡಿ?"

"ಕಾಣಲಿಲ್ರಿ. ಆದ್ರ ಪೆಟ್ಟು ಬಿದ್ದದ್ದು ಖರೇರಿ ಸಾಹೇಬ್ರ."

"ನಾ ಮುಟ್ಟಿಲ್ರಿ," ಎಂದ ನಾಸೀರ. "ಬಿದ್ಲು ಅಂತ ಓಡಿ ಬಂದೆ. ಕಾಲು ಉಳುಕಿರಬೇಕು ಅಂದ್ಕೊಂಡೆ."

ಇಬ್ಬರೂ ಹೇಳಿದ್ದು ನಿಜವೆಂದು ಫಕ್ಕೀರೇಶನೊಬ್ಬನಿಗೆ ಗೊತ್ತಿತ್ತು. ರಿಕ್ರೂಟ್ ಆಗಿದ್ದಾಗ ಅವನಿಗೂ ಓಡುತ್ತ ಓಡುತ್ತ ಮೀನಖಂಡ ಹರಿದಿತ್ತು. ಥೇಟ್ ಹೀಗೆಯೇ, ಯಾರೋ ಹಿಂದಿನಿಂದ ಬಡಿಗೆ ಬೀಸಿದಂತೆ. ತಿರುಗಿದವನೇ ಹಿಂದೆ ಬರುತ್ತಿದ್ದ ಜೊತೆಗಾರನ ಮೂಗಿಗೆ ಗುದ್ದಿಬಿಟ್ಟಿದ್ದ, ಪಾಪ. ಮರುದಿನ ಕಾಲು ಹೀಗೇ ನೀಲಿಯಾಗಿತ್ತು. ಮೊನ್ನೆ ಗಡಿಯಾರ ಹಿಡಿದು ಗೆರೆಯ ಬಳಿ ನಿಂತಿದ್ದವನಿಗೆ ಎಲ್ಲವೂ ಕಂಡಿತ್ತು. ಹುಡುಗಿ ಬಿದ್ದಾಗ ನಾಸೀರ ಇಪ್ಪತ್ತು ಹೆಜ್ಜೆ ಆಚೆಗಿದ್ದ, ಕೋಲು ಅವನ ಕಂಕುಳಲ್ಲಿತ್ತು.

"ಫಕ್ಕೀರೇಶ, ನೀ ಏನು ಕಂಡಿ?"

ಹೊಡೆದ ಎಂದು ಸುಳ್ಳು ಕಟ್ಟಬೇಕಾಗಿಯೂ ಇರಲಿಲ್ಲ. ಕಾಣಲಿಲ್ಲ ಎಂದುಬಿಟ್ಟರೆ ಸಾಕಿತ್ತು.

"ಗಡಿಯಾರ ನೋಡಾಕತ್ತಿದ್ನಿರಿ. ನನಗ ಏನೂ ಕಾಣಲಿಲ್ಲ."

ಸುಬೇದಾರರು ಬರೆದುಕೊಂಡರು. "ನಾಸೀರ, ಇವಂಗ ಏನರ ಕೇಳಾವೇನು?"

"ಇಲ್ರಿ. ಫಕ್ಕೀರೇಶಣ್ಣ ಕಂಡಿಲ್ಲಂದ್ರ ಕಂಡಿಲ್ಲ. ಅವ್ರು ಸುಳ್ಳು ಹೇಳಾವರಲ್ಲ."

ಥೂ ಇವನ! ಒದರಾಡಿದ್ದರೆ, ಒಂದೆರಡು ಬೈದಿದ್ದರೆ ಎಷ್ಟು ಸಲೀಸಾಗುತ್ತಿತ್ತು! ಕೆಲಸ ಹೋಗುವ ಹೊತ್ತಿನಲ್ಲೂ ಈ ಮನುಷ್ಯ ತನಗಿಂತ ಒಂದು ಗೇಣು ದೊಡ್ಡವನಾಗಿಯೇ ಕುಳಿತಿದ್ದಾನಲ್ಲ ಎಂದು ಫಕ್ಕೀರೇಶನ ಹೊಟ್ಟೆಗೆ ಮತ್ತೊಮ್ಮೆ ಕಿಚ್ಚು ಬಿತ್ತು. ಸಹಿ ಮಾಡಿ ಮುಗಿಸಿಬಿಡೋಣವೆಂದು ಪೆನ್ನು ತೆಗೆದುಕೊಂಡ.

ಅಷ್ಟರಲ್ಲಿ ಸವಿತಾ ನೋವಿಗೆ ಹಾ ಎಂದಳು. ಮಂಜವ್ವ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಹೆಬ್ಬೆರಳಿನಿಂದ ಮೀನಖಂಡವನ್ನು ಒತ್ತಿ ತಿಕ್ಕತೊಡಗಿದಳು.

"ಏ ಯವ್ವಾ, ತಿಕ್ಕಬ್ಯಾಡ್ರಿ!" ಫಕ್ಕೀರೇಶ ಮೈದಾನದಲ್ಲಿ ಕೂಗುವ ದನಿಯಲ್ಲೇ ಕೂಗಿಬಿಟ್ಟ. "ಹರದೈತಿ ಅದು! ತಿಕ್ಕಿದ್ರ ಇನ್ನಷ್ಟು ಹರೀತೈತಿ, ಹುಡುಗಿ ಜನ್ಮದಾಗ ಓಡೂದಿಲ್ಲ!"

ಎಲ್ಲರೂ ಅವನನ್ನೇ ನೋಡಿದರು. ಸುಬೇದಾರರು ಕನ್ನಡಕ ತೆಗೆದರು.

"ಹರದೈತಿ ಅಂತ ನಿನಗ ಹ್ಯಾಂಗ ಗೊತ್ತು?"

ಪೆನ್ನು ಕೈಯಲ್ಲೇ ಇತ್ತು. ಇನ್ನೂ ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಹುಡುಗಿ ಬಾಯಿ ತೆರೆದುಕೊಂಡು ಅವನ ಮುಖವನ್ನೇ ನೋಡುತ್ತಿದ್ದಳು. ಫಕ್ಕೀರೇಶ ಹೇಳಿದ. ತನ್ನ ಕಾಲು ಹರಿದದ್ದು, ಜೊತೆಗಾರನ ಮೂಗು, ಮೊನ್ನೆಯ ಇಪ್ಪತ್ತು ಹೆಜ್ಜೆ, ಕಂಕುಳಲ್ಲಿದ್ದ ಕೋಲು, ಎಲ್ಲ. ಹೇಳುವಾಗ ನಾಸೀರನ ಕಡೆ ನೋಡಲಿಲ್ಲ. ಕಾಣಲಿಲ್ಲ ಎಂಬ ಸಾಲನ್ನು ತಾನೇ ಹೊಡೆದುಹಾಕಿ, ಫೌಜಿನ ಪದ್ಧತಿಯಂತೆ ಕಾಟಿನ ಪಕ್ಕದಲ್ಲೂ ಒಂದು ಸಣ್ಣ ಸಹಿ ಹಾಕಿದ.

ಸವಿತಾ ಅಳತೊಡಗಿದಳು. "ತಪ್ಪಾತ್ರಿ, ನನಗ ಖರೇನ ಹೊಡದಂಗ..."

"ನಿಂದೇನು ತಪ್ಪವಾ? ಪೆಟ್ಟು ಬಿದ್ದಂಗಾದ್ರ ಕೇಳಾಕಬೇಕು," ಎಂದ ನಾಸೀರ. ಎದ್ದು ಹೋಗುವಾಗ ಫಕ್ಕೀರೇಶನ ಹೆಗಲು ಮುಟ್ಟಿದ. ಫಕ್ಕೀರೇಶ ಅದನ್ನು ಹಲ್ಲು ಕಚ್ಚಿ ಸಹಿಸಿಕೊಳ್ಳಬೇಕಾಯಿತು.

ಸುಬೇದಾರರು ಕಾಗದ ಮಡಚಿದರು. "ಮೊದಲ ಯಾಕ ಹಂಗ ಹೇಳಿದಿ ಅಂತ ನಾ ಕೇಳೂದಿಲ್ಲ, ಫಕ್ಕೀರೇಶ. ಮುಂದಿನ ತಿಂಗಳಿಂದ ಮೈದಾನ ನಾಸೀರ ನೋಡ್ಕೋತಾನ."

"ಆತ್ರಿ ಸಾಹೇಬ್ರ."

ಕಿಚ್ಚು ಆರಿರಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಮೊದಲಿಗಿಂತ ಜೋರಾಗಿಯೇ ಉರಿಯುತ್ತಿತ್ತು. ಆದರೂ ಹೊರಗೆ ಕಟ್ಟೆಯ ಮೇಲೆ ಹುಡುಗಿಯನ್ನು ಕೂರಿಸಿ, ತನ್ನ ಚೀಲದಿಂದ ಪಟ್ಟಿ ತೆಗೆದು, ಕಣಕಾಲಿನಿಂದ ಮೇಲಕ್ಕೆ ಸುತ್ತತೊಡಗಿದ. ಮಂಜವ್ವ ಆಸ್ಪತ್ರೆಗೆ ಹೋಗಲು ಆಟೋ ಕರೆಯಲು ರಸ್ತೆಯ ತನಕ ಹೋಗಿದ್ದಳು. ಗೇಟಿನಾಚೆ ನಾಸೀರನ ಬೈಕಿನ ಸದ್ದು ದೂರವಾಗುತ್ತಿತ್ತು.

"ಉಸ್ತಾದ್ರ, ಮತ್ತ ಓಡಾಕ ಬರ್ತೈತೇನ್ರಿ?" ಎಂದಳು ಸವಿತಾ.

ಫಕ್ಕೀರೇಶ ತಿರುಗಿ ಹಿಂದೆ ನೋಡಿದ. ಅಲ್ಲಿ ಯಾರೂ ಇರಲಿಲ್ಲ.